ಇಲ್ಲದ ದೋಣಿ

ಸುತಪಾ,

ನೀನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇವತ್ತು ಟಾಲಿಗಂಜ್‌ನ ಸಿನಿಮಾ ಸ್ಟುಡಿಯೋ ಪಕ್ಕದ ಟೀ ಅಂಗಡಿಯಲ್ಲಿ ನಿರ್ದೇಶಕ ನಿರುಪಮ್‌ದಾ ನನ್ನ ಚಿತ್ರಕಥೆಯನ್ನು ಬಾಯ್ತುಂಬ ಹೊಗಳಿದರು. ಇನ್ನು ಪ್ರೂಫ್ ತಿದ್ದುವ ಕೆಲಸ ಬಿಡಬಹುದೆಂದು ಎದೆ ಹಿಗ್ಗಿತು. ಮರುಗಳಿಗೆಯೇ ಅನುಮಾನ ಹತ್ತಿತು. ಓದದೆಯೇ ಹೊಗಳುತ್ತಿದ್ದಾರೆ, ಕಥೆ ಲಪಟಾಯಿಸಿ ಇನ್ಯಾರದೋ ಹೆಸರಲ್ಲಿ ತೆಗೆಯುತ್ತಾರೆ ಅನ್ನಿಸಿತು.

"ದೋಣಿ ಮುಳುಗೋ ದೃಶ್ಯ ಹೇಗಿದೆ ದಾದಾ?" ಎಂದು ಕೇಳಿದೆ. ನನ್ನ ಕಥೆಯಲ್ಲಿ ದೋಣಿಯೇ ಇಲ್ಲ.

ಆಲೂಗಡ್ಡೆ ತುಂಬಿದ ಬಿಸಿ ಶಿಂಗಾಡಾ ಮುರಿಯುತ್ತಿದ್ದ ಅವರ ಕೈ ನಿಂತಿತು. "ದೋಣಿ ಎಲ್ಲಿದೆಯೋ? ಎರಡು ಸಲ ಓದಿದೀನಿ." ಆಮೇಲೆ ನಕ್ಕರು. "ಓಹೋ, ಪರೀಕ್ಷೆನಾ? ಪಾಸಾದ್ನಾ?"

ನಾನೂ ನಕ್ಕೆ. ಅವರ ನಗು ಬೇಗ ಆರಿತು. ಟೀ ಮುಗಿಸಿ, ಚಿತ್ರಕಥೆಯನ್ನು ನನ್ನ ಮುಂದೆ ತಳ್ಳಿದರು. "ಚೆನ್ನಾಗಿ ಬರೀತೀಯ ತಮ್ಮಾ. ಆದ್ರೆ ಸಿನಿಮಾ ಅಂದ್ರೆ ವರ್ಷಗಟ್ಟಲೆ ಜೊತೇಲಿ ಇರ್ಬೇಕು. ದಿನಾ ನಿಂಗೆ ಪರೀಕ್ಷೆ ಕೊಡೋಕೆ ನನ್ನ ಕೈಲಾಗಲ್ಲ."

ನನ್ನನ್ನು ಕೈಬಿಡಲು ಅವರಿಗೊಂದು ನೆಪ ಬೇಕಿತ್ತಷ್ಟೆ ಎಂದು ಮೆಟ್ರೊವರೆಗೂ ನನಗೆ ನಾನೇ ಹೇಳಿಕೊಂಡೆ. ನಿನ್ನನ್ನೂ ದಿನಾ ಹೀಗೇ ಪರೀಕ್ಷಿಸುತ್ತಿದ್ದೆ; ನೀನು ನನ್ನನ್ನು ಬಿಟ್ಟು ಹೋದಾಗ ಹಾಗೆ ನಂಬುವುದು ಎಷ್ಟು ಸುಲಭವಾಗಿತ್ತು. ಇವತ್ತು ಆಗಲಿಲ್ಲ.