ದಾಸಮ್ಮನ ಮನೆಯ ಹಿತ್ತಲು

ನವೆಂಬರ್ 3

ಬೆಳಿಗ್ಗೆಯಿಂದ ಅಂಗಡಿಯ ಜೆರಾಕ್ಸ್ ಮಷೀನು ಕೆಮ್ಮುತ್ತಿದೆ. ಎದುರಿನ ಪೊಲೀಸ್ ಸ್ಟೇಷನ್ನಿಗೆ ನಾನೂರು ಫಾರಂ ಬೇಕಂತೆ. ಹೊಸ ಎಸ್‌ಐ ಜ್ಯೋತಿಲಕ್ಷ್ಮಿ ಮೇಡಂ ಮನೆಮನೆಗೆ ಹೋಗಿ ಜನರ ಕಷ್ಟಸುಖ ಕೇಳುತ್ತಾರಂತೆ. ಒಂಬತ್ತನೇ ಪ್ರಶ್ನೆ: ‘ಪೊಲೀಸರ ಮೇಲೆ ತಮಗೆ ನಂಬಿಕೆ ಇದೆಯೇ? ಹೌದು / ಇಲ್ಲ.’ ನಾನಾದರೆ ಹೌದು ಅಂತಲೇ ಟಿಕ್ ಹಾಕುತ್ತೇನೆ. ಹೋದ ವರ್ಷ ನನಗೆ ಎದೆನೋವು ಬಂದಾಗ ಯಜಮಾನರು ಊರಲ್ಲಿರಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಮಧುಗಿರಿ ಆಸ್ಪತ್ರೆಗೆ ಓಡಿದ್ದು ಹೆಡ್ ಕಾನ್‌ಸ್ಟೇಬಲ್ ಭೀಮರಾಜು. ಒಡಹುಟ್ಟಿದ ತಮ್ಮಂದಿರು ಫೋನೂ ಎತ್ತಲಿಲ್ಲ, ಹಾಳಾದವರು.

ನವೆಂಬರ್ 4

ಭೀಮರಾಜು ಸಮನ್ಸ್ ತಂದ. ನನಗೆ!

“ಏನಿಲ್ಲ ಪುಷ್ಪಕ್ಕಾ, ಪಂಚರ ಸಾಕ್ಷಿ. ಜೂನಲ್ಲಿ ಸೈನ್ ಹಾಕಿದ್ರಲ್ಲ, ಆ ಕೇಬಲ್ ಕಳ್ಳತನದ ಕೇಸು. ಇಪ್ಪತ್ತಕ್ಕೆ ಮಧುಗಿರಿ ಕೋರ್ಟು. ನೋಡ್ದೆ ಸ್ವಾಮಿ, ಸೈನು ನಂದೇ ಅಂದ್ಬುಡಿ, ಮುಗೀತು.”

ಯಾವ ಸೈನು? ಎಷ್ಟಕ್ಕೆ ಹಾಕಿದ್ದೇನೋ. ಕದ್ದ ಮಾಲು ಸಿಕ್ಕಿದ ಜಾಗಕ್ಕೆ ಇಬ್ಬರು ಪಂಚರು ಹೋಗಿ, ಕಣ್ಣಾರೆ ನೋಡಿ, ಮಹಜರಿಗೆ ಸೈನ್ ಹಾಕಬೇಕು — ಅದು ಕಾನೂನು. ಇಲ್ಲಿ ಮಹಜರೇ ಅಂಗಡಿಗೆ ನಡೆದು ಬರುತ್ತದೆ. ‘ಅಕ್ಕಾ, ಇಲ್ಲೊಂದು.’ ಮಷೀನಿಗೆ ಕಾಗದ ತುಂಬುತ್ತಲೇ ಗೀಚುತ್ತೇನೆ. ಸ್ಟೇಷನ್ ಎದುರು ಅಂಗಡಿ ಇಟ್ಟ ಮೇಲೆ ಇಲ್ಲ ಅನ್ನುವುದು ಹೇಗೆ? ಓದುವುದಂತೂ ದೂರದ ಮಾತು.

ನವೆಂಬರ್ 7

ಓದಿಕೊಳ್ಳಲಿ ಅಂತ ಭೀಮರಾಜು ಆ ಮಹಜರಿನ ಕಾಪಿ ಕೊಟ್ಟ. ಜೂನ್ 11, ಬೆಳಿಗ್ಗೆ ಹನ್ನೊಂದು. ಕಾಲೋನಿಯ ಚಿಕ್ಕರಂಗಯ್ಯನ ಮನೆಯ ‘ಹಿತ್ತಲಿನ ಹುಲ್ಲಿನ ಬಣವೆಯಲ್ಲಿ’ ಅರವತ್ತು ಮೀಟರ್ ಬೋರ್‌ವೆಲ್ ಕೇಬಲ್. ‘ನಮ್ಮ ಸಮಕ್ಷಮ.’ ನಮ್ಮ ಅಂದರೆ ನಾನು. ಆ ಬೀದಿಗೆ ಕಾಲಿಟ್ಟವಳೇ ಅಲ್ಲ. ಮೂವತ್ತು ವರ್ಷ ಈ ಊರಲ್ಲಿದ್ದು... ಅದನ್ನು ಬರೆಯುವುದಕ್ಕೂ ನಾಚಿಕೆ.

ಚಿಕ್ಕರಂಗಯ್ಯ ಬೋರಿನಿಂದ ಮೋಟರ್ ಎತ್ತುವ ಕೂಲಿಯವನು. ಐದು ತಿಂಗಳಿಂದ ಜೈಲಿನಲ್ಲಿದ್ದಾನೆ. ಜಾಮೀನಿಗೆ ತಮ್ಮ ಜಮೀನಿನ ಪಹಣಿ ಕೊಡುವವರು ಒಬ್ಬರೂ ಇಲ್ಲ.

ಯಜಮಾನರಿಗೆ ಹೇಳಿದೆ. “ಅವ್ನೇ ಕಣೆ ಕದ್ದಿರೋದು, ಊರಿಗೆಲ್ಲ ಗೊತ್ತು. ಅವ್ನು ಒಳಕ್ಕೆ ಹೋದ್ಮೇಲೆ ಒಂದಾದ್ರೂ ಕೇಬಲ್ ಹೋಯ್ತಾ?” ಅಂದರು.

ಹೋಗಿಲ್ಲ. ಅದೂ ನಿಜ. ಹಾಗಾದರೆ ನಾನು ಹಾಕಿದ್ದು ಸುಳ್ಳು ಸೈನೋ, ನಿಜದ ಸೈನೋ?

ನವೆಂಬರ್ 8

ಸ್ಟೇಷನ್ ಮುಂದೆ ಶಾಮಿಯಾನ. ಮೇಡಂ ಸಭೆ. “ಹೆದರದೆ ಮಾತಾಡಿ, ನಾವಿರೋದೇ ನಿಮಗಾಗಿ” ಅಂದರು. ಬೀದಿದೀಪ, ಕುಡುಕರ ಕಾಟ, ಬಸ್ ಸ್ಟ್ಯಾಂಡಿನ ಪುಂಡರು... ಆಮೇಲೆ ದಾಸಮ್ಮ ಎದ್ದಳು. ಚಿಕ್ಕರಂಗಯ್ಯನ ಹೆಂಡತಿ.

“ನಮ್ಮನೆ ಹಿತ್ಲಲ್ಲಿ ಸಿಕ್ತು ಅಂತ ಬರ್ದವ್ರಲ್ಲ ತಾಯಿ, ಒಂದ್ ದಪ ಬಂದು ಆ ಹಿತ್ಲು ತೋರ್ಸಿ. ನಾನೂ ನೋಡ್ಬೇಕು.”

ಹಿಂದಿನ ಸಾಲಲ್ಲಿ ಕಿಸಕ್ಕೆಂದರು. ಮೇಡಂ ನಗಲಿಲ್ಲ. “ಕೋರ್ಟಲ್ಲಿರೋ ವಿಷಯ ಕಣಮ್ಮ. ನೋಡಿರೋ ಸಾಕ್ಷಿಗಳು ಅಲ್ಲಿ ಹೇಳ್ತಾರೆ.”

ನೋಡಿದ ಸಾಕ್ಷಿ ಮೂರನೇ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು.

ನವೆಂಬರ್ 16, ಮಧ್ಯಾಹ್ನ

ಇಷ್ಟು ದಿನ ಪೆನ್ನು ಮುಟ್ಟಿರಲಿಲ್ಲ. ಊಟ ಸೇರುತ್ತಿಲ್ಲ. ಇವತ್ತು ಕಾಲೋನಿಗೆ ಹೋಗಿಯೇಬಿಟ್ಟೆ.

“ಬನ್ನಿ ಅಮ್ಮಾರೆ. ಎಲ್ಡನೇ ಸಲ ಬತ್ತಿದ್ದೀರಿ” ಅಂದಳು ದಾಸಮ್ಮ. “ಮೊದ್ಲು ಬಂದಾಗ ನಾನೇ ಇರ್ನಿಲ್ವೇನೋ.”

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಒಂದೇ ಕೋಣೆ. ಹಿಂದಿನ ಗೋಡೆಗೆ ಅಂಟಿಕೊಂಡೇ ಪಕ್ಕದ ಬೀದಿಯ ಮನೆ. ಹಿತ್ತಲಿಲ್ಲ. ಬಣವೆ ಇಲ್ಲ. ಹುಲ್ಲು ತಿನ್ನಲು ಒಂದು ಮೇಕೆಯೂ ಇಲ್ಲ. ನೀರು ಕೊಟ್ಟಳು. ಪೂರಾ ಕುಡಿದೆ. ತಪ್ಪಾಯ್ತು ಅನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ: “ಅವ್ರು ಕದ್ದಿಲ್ಲ ತಾನೆ?” ಥೂ, ನನ್ನ ನಾಲಿಗೆಗೆ ಬೆಂಕಿ ಬೀಳ.

ದಾಸಮ್ಮ ಸಿಟ್ಟಾಗಲಿಲ್ಲ. “ಕದಿಯೋ ಆಸಾಮಿ ಅಲ್ಲ ಅಂತ ನನ್ ಮನಸು. ಆದ್ರೆ ಅವ್ನ್ ಹೋದ ಕಡೀಕೆಲ್ಲ ನಾನ್ ಹೋಗಿದ್ನಾ? ನೋಡ್ದೆ ಇರೋದ್ನ ನಾನ್ ಹೇಳಾಕಿಲ್ಲ ಅಮ್ಮಾರೆ.”

ನವೆಂಬರ್ 17

ಮೇಡಂ ಹತ್ತಿರ ಎಲ್ಲಾ ಹೇಳಿಬಿಟ್ಟೆ. ಬಾಗಿಲು ಹಾಕಿಸಿದರು.

“ನಾನು ಬಂದು ಎರಡು ತಿಂಗಳಮ್ಮ. ಹೀಗೆ ಹೇಳಿ, ಹಾಗೆ ಹೇಳಿ ಅಂತ ನಾನು ಹೇಳೋ ಹಾಗಿಲ್ಲ. ನಿಜ ಹೇಳಿ.”

“ಭೀಮರಾಜು?”

“ವಿಚಾರಣೆ ಆಗುತ್ತೆ. ಕೆಲಸ ಹೋದ್ರೂ ಹೋಗಬಹುದು.”

“ನನಗೆ?”

“ಒಬ್ಬ ವಕೀಲರನ್ನ ಕೇಳಿಬಿಡಿ.”

ಅಷ್ಟೇ. ಸಮಾಧಾನ ಆಗುತ್ತದೆ ಅಂದುಕೊಂಡು ಹೋಗಿದ್ದೆ. ನನ್ನನ್ನು ಬದುಕಿಸಿದವನ ಅನ್ನ ಕಿತ್ತುಕೊಳ್ಳಲೋ? ಅಥವಾ ಆ ಹೆಂಗಸಿನ ಮನೆಗೆ ಇಲ್ಲದ ಹಿತ್ತಲು ಕಟ್ಟಿಕೊಡಲೋ? ದೇವರೇ, ಯಾಕಾದರೂ ಆ ದಿನ ಅಂಗಡಿ ತೆಗೆದೆನೋ.

ನವೆಂಬರ್ 20, ಬೆಳಿಗ್ಗೆ 11.10, ಕೋರ್ಟು

ಹೊರಗಿನ ಬೆಂಚು. ಆ ತುದಿಯಲ್ಲಿ ದಾಸಮ್ಮ. ಪಕ್ಕದಲ್ಲಿ ಭೀಮರಾಜು ಬಂದು ಕೂತ.

“ಎಲ್ಲಾ ನೆನಪೈತೆ ತಾನೆ ಅಕ್ಕಾ?”

“ಆ ಮನೆಗೆ ಹಿತ್ತಲೇ ಇಲ್ಲ ಭೀಮರಾಜು. ಹೋಗಿ ನೋಡ್ದೆ.”

“ಇಲ್ವಾ?” ಅಂದ. ನಾಟಕ ಅಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಟೋಪಿ ತೊಡೆಯ ಮೇಲಿಟ್ಟುಕೊಂಡ. “ನಾನೂ ಹೋಗಿರ್ಲಿಲ್ಲ ಅಕ್ಕಾ. ಹಳೇ ಸಾಹೇಬ್ರು ಬರಿ ಅಂದ್ರು, ಬರ್ದೆ. ಎಲ್ಲಾರ ಮನೆಗೂ ಹಿತ್ಲು ಇರ್ತದೆ ಅನ್ಕಂಡೆ.”

ಬೈಯಲೋ, ಇವನ ಕೈ ಹಿಡಿದು ಅಳಲೋ. ಎರಡೂ ಆಗಲಿಲ್ಲ. ನೋಡಿಲ್ಲ ಅಂತಲೇ ಹೇಳುತ್ತೇನೆ. ಬರೆದರೆ ಧೈರ್ಯ ಬರುತ್ತದೆ ಅಂತ ಬರೆಯುತ್ತಿದ್ದೇನೆ. ಇನ್ನೂ ಬಂದಿಲ್ಲ.

ಚಿಕ್ಕರಂಗಯ್ಯನನ್ನು ಕರೆತಂದರು. ಅವನ ಮುಖ ನೋಡಿದ್ದು ಇವತ್ತೇ ಮೊದಲು.

ಒಳಗಿಂದ ಕೂಗುತ್ತಿದ್ದಾರೆ, ನನ್ನ ಹೆಸರೇ. ನನಗಿಂತ ಮೊದಲು ದಾಸಮ್ಮ ಎದ್ದು ನಿಂತಳು. ಭೀಮರಾಜು ತಲೆ ಎತ್ತುತ್ತಿಲ್ಲ. ನಾನು —