ಗಿರಣಿಯ ಸೂರಿನ ಮೇಲೆ ಕೆಂದಿ

೪ನೇ ತಾರೀಖು, ಬೆಳಗ್ಗೆ

ಮೂರು ಹಸುಗಳ ಹಾಲು ಕರೆದಾಯಿತು. ನಾಲ್ಕನೆಯದು, ಕೆಂದಿ, ಪಕ್ಕದ ಗಿರಣಿಯ ಸೂರಿನ ಮೇಲೆ. ಮತ್ತೆ! ಗಾಳಿ ಜೋರಾಗುವ ಮೊದಲೇ ರೆಕ್ಕೆಯ ಗರಿ ಕತ್ತರಿಸಿ ಎಂದು ತಿಂಗಳಿಂದ ಬಡಿದುಕೊಳ್ಳುತ್ತಿದ್ದೇನೆ. ಉಳಿದ ಮೂರಕ್ಕೂ ನಾನೇ ಕತ್ತರಿಸಿದೆ. ಇದೊಂದು ಮಾತ್ರ ಇವರ ಮುದ್ದಿನ ಮಗಳು.

"ಗಬ್ಬದ ಹಸು ಕಣೇ. ನೋಯಿಸಬಾರದು."

"ಗರಿ ಕತ್ತರಿಸಿದ್ರೆ ನೋವಾಗುತ್ತೇನ್ರಿ? ಕೂದಲು ಕತ್ತರಿಸಿದಾಗ ನೀವು ಅತ್ತಿದ್ರಾ?"

ಒಳಗಿನಿಂದ ಅತ್ತೆ: "ಅತ್ತಿದ್ದ. ಏಳು ವರ್ಷದವನಿದ್ದಾಗ."

ಈ ಮನೆಯಲ್ಲಿ ಯಾರಿಗೆ ಹೇಳೋಣ.

೫, ಮಧ್ಯಾಹ್ನ

ಗಿರಣಿಯವನು ಬಂದಿದ್ದ. ಹಂಚು ಒಡೆದು ಹಿಟ್ಟಿಗೆ ಸಗಣಿ ಬಿದ್ದಿದೆಯಂತೆ. ಇವರು ನಕ್ಕರು. ನಾನು ತಪ್ಪಾಯ್ತು ಎಂದೆ. ಹನ್ನೆರಡು ವರ್ಷದಿಂದ ಸಂಸಾರ ಹೀಗೇ... ನಗುವುದು ಇವರು, ತಪ್ಪಾಯ್ತು ಎನ್ನುವುದು ನಾನು.

೯, ಸಂಜೆ

ಬರೆಯಲಾಗಲಿಲ್ಲ. ತೋಳು ಎತ್ತಲು ಬರುತ್ತಿರಲಿಲ್ಲ.

ಆರರಂದು ಕೆಂದಿಗೆ ನೋವು ಶುರು. ಎಲ್ಲಿ? ಇನ್ನೆಲ್ಲಿ — ಅದೇ ಸೂರಿನ ಮೇಲೆ! ಕರುವಿನ ಹಿಂಗಾಲು ಮೊದಲು ಬಂದಿತ್ತು. ಇವರು ಅರ್ಧ ಏಣಿ ಹತ್ತಿ ನಿಂತರು. ತಲೆಸುತ್ತು. ಸಾಕುವುದು ಹಾರುವ ಹಸು, ಏಣಿ ಕಂಡರೆ ಭಯ! ಕೆಳಗಿಳಿಸಿ ನಾನೇ ಹತ್ತಿದೆ.

"ಹುಷಾರು ಕಣೇ, ಹಂಚು ಜಾರುತ್ತೆ, ಆ ಕಡೆ ಕಾಲಿಡಬೇಡ —"

"ಬಾಯಿ ಮುಚ್ಕೊಂಡು ಏಣಿ ಹಿಡ್ಕೊಳ್ರಿ!"

ಮೊಣಕೈವರೆಗೆ ಕೈ ಹಾಕಿ ಎಳೆದೆ. ಗಾಳಿ ತಳ್ಳುತ್ತಿತ್ತು. ಕೆಂದಿ ಬೆದರಿ ಹಾರಿದ್ದರೆ ನನ್ನ ಕಥೆ ಮುಗಿದಿತ್ತು. ಹಾರಲಿಲ್ಲ. ನೋವಿನಲ್ಲೂ ರೆಕ್ಕೆ ಅಗಲಿಸಿ ನನ್ನ ಬೆನ್ನಿಗೆ ಒತ್ತಿ ಹಿಡಿದಳು. ಗರಿ ಕತ್ತರಿಸಿದ್ದರೆ ನಾನು ಅಲ್ಲಿಗೆ ಹತ್ತಬೇಕಾಗಿಯೇ ಇರಲಿಲ್ಲ, ಅದು ಬೇರೆ ಮಾತು.

ಹೆಣ್ಣು ಕರು. ಉಸಿರಾಡಿತು. ಕಂಬಳಿಯಲ್ಲಿ ಕಟ್ಟಿ ಇಳಿಬಿಟ್ಟೆ. ಆಮೇಲೆ ತಲೆಯೆತ್ತಿ ನೋಡಿದೆ. ನಮ್ಮ ಹೊಲ, ಬೇಲಿ, ಅತ್ತೆ ಒಣಹಾಕಿದ್ದ ಬಟ್ಟೆ... ಎಲ್ಲ ಅಂಗೈಯಗಲ. ನನ್ನ ಸೊಂಟ ಮುರಿದದ್ದು ಇಷ್ಟಕ್ಕಾ? ಆದರೂ ಚೆನ್ನಾಗಿತ್ತು. ತುಂಬಾ. ಇವರು ಕೂಗುತ್ತಲೇ ಇದ್ದರು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ.

೧೧, ಬೆಳಗ್ಗೆ

ಕರು ಈಗ ನಮ್ಮದೇ ಸೂರಿನ ಮೇಲೆ. ಹುಟ್ಟಿ ಐದು ದಿನವಾಗಿಲ್ಲ! "ತಾಯಿಯಂತೆ ಮಗಳು, ನೂಲಿನಂತೆ ಸೀರೆ," ಎಂದರು ಅತ್ತೆ. ಇವರು ಏಣಿ ಒರಗಿಸಿ ಬಾಗಿಲಲ್ಲಿ ನಿಂತಿದ್ದಾರೆ.

"ಗಿರಣಿಯವನನ್ನ ಕರೀಲಾ?"

"ಬೇಡ. ನಾನೇ ಹತ್ತುತೀನಿ."

"ಬೈಯದೇ ಹತ್ತುತೀಯಾ? ಮೈಯಲ್ಲಿ ಹುಷಾರಿದೆ ತಾನೆ?"

ಕರುವಿಗೋಸ್ಕರ ಎಂದೆ. ನಿಜ ಏನೆಂದರೆ, ಅಂಗೈಯಗಲದ ಆ ಹೊಲವನ್ನು ಮೇಲಿಂದ ಇನ್ನೊಮ್ಮೆ ನೋಡಬೇಕು.