ಹನ್ನೊಂದನೆಯ ಅಧ್ಯಾಯದ ಕೆಂಪು ಗೆರೆ

ಶುಕ್ರವಾರ, ಮಾರ್ಚ್ ೬
ಕಚೇರಿ, ಊಟದ ಬಿಡುವು

ನನ್ನ ಮುದ್ದಿನ ಬಾಯಿಬಡಕಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ ಎಂದು ತಿಳಿಸಲು ಈ ಕಾಗದ. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ ಎಂದು ಗೊತ್ತು. ಕ್ಷಮಿಸು. ನನ್ನ ಬಾಯಿಂದ ಈ ಮಾತು ಎಷ್ಟು ಅಪರೂಪಕ್ಕೆ ಬರುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಜೋಪಾನವಾಗಿ ಎತ್ತಿಟ್ಟುಕೋ. ನಿನ್ನ ಭಾವನವರ ಮಂಡಿನೋವು ಹಾಗೇ ಇದೆ. ಡಾಕ್ಟರು ದಿನಾ ನಡೆಯಿರಿ ಎಂದರೆ ಇವರು ನಡಿಗೆಯ ಮೇಲೆ ಒಂದು ದಪ್ಪ ಪುಸ್ತಕ ತಂದು ಕುರ್ಚಿಯಲ್ಲಿ ಕೂತು ಓದುತ್ತಿದ್ದಾರೆ. ಮಗಳಿಗೆ ಪರೀಕ್ಷೆ. ಕಚೇರಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಇವೆಲ್ಲ ನಿಜ, ಆದರೆ ತಡವಾಗಿದ್ದಕ್ಕೆ ಇವು ಯಾವುವೂ ಕಾರಣವಲ್ಲ.

ನೀನು ಬರೆದಿದ್ದೆ: "ಅಕ್ಕಾ, ನಿಮ್ಮ ಪ್ರಕಾಶನದೋರು ನನ್ನ ಕಾದಂಬರಿ ಒಪ್ಪಿದ್ದಾರೆ, ನಿಂಗೆ ಹೇಳದೇ ಕಳ್ಸಿದ್ದೆ, ಬೈಬೇಡ. ಆದ್ರೆ ಅವ್ರ ಓದುಗರಲ್ಲಿ ಯಾರೋ ಒಬ್ರು ಹನ್ನೊಂದನೇ ಅಧ್ಯಾಯದ ಒಂದು ಪುಟ ಪೂರ್ತಿ ಕೆಂಪು ಗೆರೆ ಎಳೆದು, 'ಯಾವ ಮಗುವೂ ಹೀಗೆ ಯೋಚಿಸುವುದಿಲ್ಲ, ತೆಗೆಯಿರಿ' ಅಂತ ಬರೆದಿದ್ದಾರೆ. ಅಷ್ಟು ವರ್ಷ ಮಕ್ಕಳ ಪುಸ್ತಕ ಮಾಡಿರೋರು ಹೇಳಿದ್ರೆ ಸರಿನೇ ಇರಬೇಕು. ತೆಗೆದ್ಬಿಡ್ತೀನಿ."

ತೆಗೆಯಬೇಡ. ಆ ಕೆಂಪು ಗೆರೆ ಎಳೆದವಳು ನಾನು.

ಹೌದು, ನಾನೇ. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಹಸ್ತಪ್ರತಿ ಬಂದರೆ ಗುಮಾಸ್ತರು ಲೇಖಕರ ಹೆಸರಿನ ಮೇಲೆ ಕಂದು ಕಾಗದ ಅಂಟಿಸಿಯೇ ನಮಗೆ ಕೊಡುತ್ತಾರೆ. ಪರಿಚಯ, ದಾಕ್ಷಿಣ್ಯ ಅಡ್ಡ ಬರಬಾರದೆಂದು ನಾನೇ ಹಟ ಹಿಡಿದು ಶುರು ಮಾಡಿಸಿದ್ದು. ಓದಿದವರ ಅಭಿಪ್ರಾಯ ಸಹಿಯಿಲ್ಲದೆ ಲೇಖಕರಿಗೆ ಹೋಗುತ್ತದೆ. ಒಪ್ಪಂದದ ಕಾಗದ ಟೈಪ್ ಮಾಡುವ ದಿನ ಗುಮಾಸ್ತರು ಆ ಕಂದು ಕಾಗದ ಕಿತ್ತು, "ಮೇಡಮ್, ಇವ್ರು ನಿಮ್ಮ ತಂಗಿ ಅಲ್ವಾ?" ಎಂದರು. ನಾನು ಕಣ್ಣುಕಣ್ಣು ಬಿಟ್ಟೆ. ಶಾಲೆಯಲ್ಲಿ ಚಿತ್ರ ಕಲಿಸುವವಳು, ನನಗೆ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಬರೆಯಲು ಮೂರು ಜ್ಞಾಪನೆ ಬೇಕಾದವಳು, ಇನ್ನೂರು ಪುಟ ಯಾವಾಗ ಬರೆದೆ ಮಾರಾಯ್ತಿ?

ಹೆಸರು ಗೊತ್ತಿಲ್ಲದೆ ಓದಿದಾಗಲೇ ನಾನು ಸೋತಿದ್ದೆ, ಅದನ್ನು ಮೊದಲು ಹೇಳಬೇಕು. ಇಪ್ಪತ್ತಾರು ವರ್ಷದಿಂದ ಮಕ್ಕಳ ಪುಸ್ತಕ ತಿದ್ದುತ್ತಿದ್ದೇನೆ. ಅಮ್ಮ ಮಂಚ ಬಿಟ್ಟು ಏಳದ ಮನೆಯನ್ನು ಹನ್ನೊಂದು ವರ್ಷದ ಹುಡುಗಿಯ ಎತ್ತರದಿಂದ ಹೀಗೆ ಯಾರೂ ತೋರಿಸಿರಲಿಲ್ಲ. ಅವಳು ಅಮ್ಮನ ಕೋಣೆಯ ಚಿಲಕದ ಶಬ್ದ ಕೇಳಿಯೇ ಇವತ್ತು ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಹೇಳುತ್ತಾಳಲ್ಲ, ಅಲ್ಲಿ ನಾನು ಪೆನ್ನು ಕೆಳಗಿಟ್ಟೆ. ಅವಳು ಗೆಳತಿಯರಿಗೆ "ನಮ್ಮಮ್ಮಂಗೆ ಜ್ವರ" ಎಂದು ವಾರಕ್ಕೊಂದು ಸಲ ಹೇಳಿ, ಕೊನೆಗೆ ಗೆಳತಿಯೊಬ್ಬಳು "ನಿಮ್ಮಮ್ಮನ ಜ್ವರಕ್ಕೆ ರಜಾನೇ ಇಲ್ವಾ?" ಎಂದಾಗ ಬಿದ್ದು ಬಿದ್ದು ನಕ್ಕೆ, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಹಾಗೆ ಒಂದೇ ಸಾಲಿನಲ್ಲಿ ನಗಿಸಿ ನಾಚಿಸುವುದು ಎಲ್ಲರ ಕೈಗೆ ಹತ್ತುವ ಕೆಲಸವಲ್ಲ. ಬರೆದವಳು ನೀನೆಂದು ತಿಳಿದಾಗ ಹೆಮ್ಮೆಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಹನ್ನೊಂದನೆಯ ಅಧ್ಯಾಯ ಬಂತು. ಹುಡುಗಿ ಶಾಲೆಯಿಂದ ಬರುತ್ತಾಳೆ. ಬಾಗಿಲು ತಟ್ಟುತ್ತಾಳೆ, ಒಳಗಿನಿಂದ ಉತ್ತರವಿಲ್ಲ. ಏನೋ ಆಗಬಾರದ್ದು ಆಗಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಆದರೂ ಅವಳು ತಕ್ಷಣ ಯಾರನ್ನೂ ಕರೆಯುವುದಿಲ್ಲ. ಅಡುಗೆಮನೆಯಲ್ಲಿ ಕೂತು ಭೂಗೋಳದ ನಕ್ಷೆಗೆ ಬಣ್ಣ ತುಂಬುತ್ತಾಳೆ. 'ಮನೆ ಸುಮ್ಮನಿದೆ. ಇನ್ನು ಸ್ವಲ್ಪ ಹೊತ್ತು ಹೀಗೇ ಇರಲಿ' ಎಂದುಕೊಳ್ಳುತ್ತಾಳೆ. ಅಮ್ಮ ಸಾಯಲಿ ಎಂದು ಅವಳಿಗೆ ಆಸೆಯಿದೆ ಎಂದು ನೀನು ಬರೆದಿಲ್ಲ. ಆದರೆ ಇಲ್ಲವೇ ಇಲ್ಲ ಎಂದೂ ನೀನು ಬರೆದಿಲ್ಲ. ಅಲ್ಲೇ ನಾನು ಕೆಂಪು ಪೆನ್ನು ಎತ್ತಿಕೊಂಡದ್ದು.

ಪುಸ್ತಕ ಆರಿಸುವ ನಮ್ಮ ಸಮಿತಿಯಲ್ಲಿ ನನ್ನ ಮಾತಿಗೆ ಬೆಲೆ ಇದೆ, ಅದೇ ತೊಂದರೆ. ಮಾಲೀಕರು ತಲೆಯಾಡಿಸಿದರು. ಮಾರಾಟ ವಿಭಾಗದವರಂತೂ, "ಆ ಒಂದು ಪುಟ ಹೋದ್ರೆ ಶಾಲೆಗಳು ಕಣ್ಮುಚ್ಕೊಂಡು ತಗೋತವೆ" ಎಂದು ಖುಷಿಪಟ್ಟರು. ಚಿತ್ರಗಾರ್ತಿ ಒಬ್ಬಳೇ, "ಆ ಪುಟ ತೆಗೆದ್ರೆ ನನಗೆ ಬರೆಯೋಕೆ ಮುಖಪುಟವೇ ಉಳಿಯಲ್ಲ" ಎಂದಳು. ಅವಳ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಚ್ಚಿಗೆ ಕೊಡುವ ಮುಂಚೆ ನಾವು ಹಸ್ತಪ್ರತಿಯನ್ನು ಐವರು ಮಕ್ಕಳಿಗೆ ಕೊಡುತ್ತೇವೆ. ಜೊತೆಗೆ ಒಂದು ಪೆನ್ಸಿಲ್ಲು. ಎಲ್ಲಿ ಬೇಜಾರಾಯಿತೋ ಅಲ್ಲಿ ಒಂದು ಅಡ್ಡಗೆರೆ ಹಾಕಿ ಅನ್ನುತ್ತೇವೆ. ಮಕ್ಕಳು ಇದರಲ್ಲಿ ಕರುಣೆಯಿಲ್ಲದವರು. ದೊಡ್ಡ ದೊಡ್ಡ ಬಹುಮಾನ ಬಂದವರ ಪುಸ್ತಕಗಳು ಗೆರೆಗಳಿಂದ ಗೀರಿಹೋದದ್ದನ್ನು ಕಂಡಿದ್ದೇನೆ. ನಿನ್ನದಕ್ಕೆ ಗುಮಾಸ್ತರು ನನ್ನ ಗೆರೆ ಇಲ್ಲದ ಹಳೆಯ ಪ್ರತಿಯನ್ನೇ ಕೊಟ್ಟುಬಿಟ್ಟಿದ್ದರು, ಆ ಪುಟ ಸಮೇತ. ಗೊತ್ತಾದಾಗ ಅವರ ಮೇಲೆ ಹಾರಾಡಿದೆ. ಪಾಪ, ಬೈಸಿಕೊಂಡರು.

ನಾಲ್ಕು ಪ್ರತಿಗಳು ವಾರದಲ್ಲಿ ಬಂದವು. ನಿನ್ನ ಮಳೆಯ ವರ್ಣನೆಗೆ ನಾಲ್ವರೂ ಗೆರೆ ಹಾಕಿದ್ದಾರೆ, ಅದನ್ನು ದಯವಿಟ್ಟು ಮೊಟಕು ಮಾಡು. ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ಚುಕ್ಕೆ ಕೂಡ ಇಲ್ಲ. ಐದನೆಯ ಪ್ರತಿ ಬರಲೇ ಇಲ್ಲ. ಎರಡು ವಾರವಾದ ಮೇಲೆ ಹನ್ನೆರಡು ವರ್ಷದ ಒಬ್ಬಳು ಚಿಕ್ಕಮ್ಮನ ಜೊತೆ ಕಚೇರಿಗೆ ಬಂದಳು. ಚಿಕ್ಕಮ್ಮನನ್ನು ಹೊರಗೆ ಕೂರಿಸಿ ನನ್ನ ಮೇಜಿನ ಎದುರು ನಿಂತು, "ಲೇಟಾಯ್ತು, ಸಾರಿ. ನಾನು ಮೂರು ಸಲ ಓದ್ದೆ. ಆಮೇಲೆ ಅಮ್ಮಂಗೆ ಕೊಟ್ಟೆ" ಎಂದಳು.

"ಅಮ್ಮ ಏನಂದ್ರು?" ಎಂದೆ.

"ಪಕ್ಕದಲ್ಲಿ ಕೂತ್ಕೋ ಅಂದ್ರು."

ಆಮೇಲೆ ಉಗುರು ಕಚ್ಚುತ್ತಾ ಕೇಳಿದಳು, "ಆ ಹುಡುಗಿ ಕೆಟ್ಟವಳಾ ಆಂಟಿ?"

ನಾನು "ಅಲ್ಲಮ್ಮ, ಅವಳು ಸುಸ್ತಾಗಿದ್ದಳು" ಎಂದೆ. ಅವಳ ಭುಜ ಇಳಿದದ್ದು ನನಗೆ ಕಂಡಿತು ಕಣೇ. ಶಾಲೆಯ ಚೀಲ ಇಳಿಸಿದಷ್ಟು ಸ್ಪಷ್ಟವಾಗಿ. ಆ ಪುಟವನ್ನು ನಾನು ತೆಗೆದುಹಾಕಿದ್ದರೆ ಈ ಮಗು ಆ ಪ್ರಶ್ನೆಯನ್ನು ಯಾರ ಹತ್ತಿರ ಕೇಳಬೇಕಿತ್ತು?

ಅವಳು ಹೋದ ಮೇಲೆ ಮಕ್ಕಳ ಮನೋವೈದ್ಯೆಯೊಬ್ಬರಿಗೆ ಹಸ್ತಪ್ರತಿ ಕೊಟ್ಟು ಬಂದೆ. ಮೊನ್ನೆ ಕರೆದು ಎದುರಿಗೆ ಕೂರಿಸಿಕೊಂಡು ಮಾತಾಡಿದರು. "ಇಂಥ ಯೋಚನೆ ಮಕ್ಕಳಿಗೆ ಪುಸ್ತಕದಿಂದ ಬರಲ್ಲ ಮೇಡಮ್. ಮೊದಲೇ ಬಂದಿರುತ್ತೆ. ಇಡೀ ಪ್ರಪಂಚದಲ್ಲಿ ನನಗೊಬ್ಬಳಿಗೇ ಬಂದಿದೆ ಅಂದ್ಕೊಂಡಿರ್ತಾರೆ, ಅದೇ ಅವರನ್ನ ತಿನ್ನೋದು" ಎಂದರು. ಆದರೆ ಒಂದು ಸಾಲಿಗೆ ಅವರು ಬಗ್ಗಲಿಲ್ಲ. ಅಮ್ಮ ಏನು ಮಾಡಿಕೊಂಡಳು, ಹೇಗೆ ಎಂಬ ಸಾಲು ಬೇಡವೇ ಬೇಡವಂತೆ. "ಬಾಗಿಲಿನಿಂದ ಈಚೆ ಏನಾಯ್ತು ಅನ್ನೋದೇ ನಿಮ್ಮ ಲೇಖಕಿಯ ಶಕ್ತಿ. ಆಚೆ ಹೋಗೋದು ಬೇಡ." ನನಗೆ ಸರಿ ಅನ್ನಿಸಿತು, ನಿನಗೂ ಅನ್ನಿಸುತ್ತದೆ. ಇನ್ನೊಂದು, ಹುಡುಗಿ ಕೊನೆಗೆ ತನ್ನ ಗುಟ್ಟನ್ನು ಟೀಚರಿಗೆ ಹೇಳುವ ಅಧ್ಯಾಯವನ್ನು ಅವರು ಎರಡು ಸಲ ಓದಿದರಂತೆ. ಟೀಚರು ಉಪದೇಶ ಮಾಡದೆ "ಹೇಳಿದ್ದು ಒಳ್ಳೇದಾಯ್ತು. ಇದನ್ನ ಇನ್ನು ಇಬ್ರೂ ಹೊರೋಣ" ಅನ್ನುತ್ತಾರಲ್ಲ, ಅಷ್ಟೇ ಸಾಕು, ಒಂದಕ್ಷರ ಸೇರಿಸಬೇಡಿ ಎಂದರು. ನಾನಾಗಿದ್ದರೆ ಅಲ್ಲಿ ಎರಡು ಪುಟ ಬುದ್ಧಿವಾದ ತುರುಕುತ್ತಿದ್ದೆ.

ನಿನ್ನೆ ಸಮಿತಿಯ ಮುಂದೆ ನನ್ನ ಟಿಪ್ಪಣಿಯನ್ನು ನಾನೇ ವಾಪಸು ತೆಗೆದುಕೊಂಡೆ. ಮಾಲೀಕರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಜ್ವರ ಬಂದಿದೆಯೋ ಎಂಬಂತೆ. ಲೇಖಕಿ ನನ್ನ ತಂಗಿ ಎಂದೂ ಹೇಳಿದೆ, ಅದಕ್ಕೇ ಮತ ಹಾಕದೆ ಹೊರಗೆ ಬಂದು ಕೂತೆ. ಹತ್ತು ನಿಮಿಷಕ್ಕೆ ಚಿತ್ರಗಾರ್ತಿ ಬಾಗಿಲು ತೆಗೆದು ಹೆಬ್ಬೆರಳು ಎತ್ತಿದಳು. ಪುಟ ಉಳಿಯಿತು. ಆದರೆ ಲೇಖಕಿಯೇ ಕಚೇರಿಗೂ ತೆಗೆಯುತ್ತೇನೆ ಎಂದು ಬರೆದುಕೊಟ್ಟಿರುವಾಗ ಯಾರೇನು ಮಾಡಲಾಗುತ್ತದೆ? ಬುಧವಾರ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ 'ಪುಟ ಇರಲಿ' ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ನಿನ್ನ ಅಕ್ಕನ ಮೇಲೆ ಸಿಟ್ಟಿದ್ದರೆ ಇನ್ನೊಂದು ಹಾಳೆಯಲ್ಲಿ ಬರೆ, ಅದಕ್ಕೆ ಗಡುವಿಲ್ಲ.

ನಿನ್ನ ಕೈಗೆ ಇನ್ನೂ ಹತ್ತು ಪುಸ್ತಕದಷ್ಟು ಕಸುವು ಬರಲಿ. ಕಣ್ಣು ನೋಯಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವಳು ನಾನು ಎಂದು ಈ ವಾರ ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಜಂಬ ಪಟ್ಟಿದ್ದೇನೆ. ಚೆನ್ನಾಗಿರು.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ ಆಸ್ಪತ್ರೆ ಸೇರಿದ ಆ ವರ್ಷ ನಿನಗೆ ಐದು, ನನಗೆ ಹನ್ನೊಂದು. ನೀನು ದೊಡ್ಡವಳಾದ ಮೇಲೆ ಅಮ್ಮನೇ ನಿನಗೆ ಎಲ್ಲ ಹೇಳಿದಳು, ನನಗೆ ಗೊತ್ತು. ಆಮೇಲೆ ಅವಳು ಬದುಕಿದ್ದ ಇಪ್ಪತ್ತೆಂಟು ವರ್ಷವೂ ಹತ್ತಿರದವರ ಮುಂದೆ ಒಂದೇ ಮಾತು ಹೇಳುತ್ತಿದ್ದಳು, "ದೊಡ್ಡವಳು ಸ್ಕೂಲಿಂದ ಬಂದೋಳೇ ಪಕ್ಕದ ಬೀದಿ ಟೈಲರಮ್ಮನ ಮನೆಗೆ ಓಡಿದಳು, ಅದಕ್ಕೇ ನಾನು ಉಳಿದೆ." ಪ್ರತಿ ಸಲವೂ ನನ್ನ ತಲೆ ಸವರುತ್ತಿದ್ದಳು. ನಾನು ಸವರಿಸಿಕೊಂಡೆ. ಯಾವ ಮಗುವೂ ಹೀಗೆ ಯೋಚಿಸುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದೆನಲ್ಲ, ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅವತ್ತು ಬಾಗಿಲು ತಟ್ಟಿದೆ, ಉತ್ತರ ಬರಲಿಲ್ಲ. ನನಗೆ ಗೊತ್ತಾಯಿತು. ಯೂನಿಫಾರ್ಮ್ ಬದಲಿಸಿದೆ. ಹಸಿವಾಗಿತ್ತು, ಅಡುಗೆಮನೆಯಲ್ಲಿ ಕೂತು ತಿಂದೆ. ತಟ್ಟೆ ತೊಳೆದಿಟ್ಟೆ. ಅದನ್ನು ಅಮ್ಮನಿಗೆ ಹೇಳಲಿಲ್ಲ, ನಿನ್ನ ಭಾವನಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನಾನು ಓಡಲಿಲ್ಲ ಕಣೇ. ನಡೆದುಕೊಂಡು ಹೋದೆ.